ವಿಡಿಯೊಗಿಂತ ಮೊದಲು ಹತ್ತಿದ ಮೆಟ್ಟಿಲುಗಳು: ಡೀ ಲಿಂಕೆ ಪಕ್ಷ ಮತ್ತು ಜರ್ಮನಿಯ ಯುವ ಮತದಾರರು

2024ರ ಜೂನ್ 9ರಂದು ಜರ್ಮನಿಯಲ್ಲಿ ಯುರೋಪಿಯನ್ ಸಂಸತ್ತಿಗೆ ಮತದಾನ ನಡೆಯಿತು. ಎಡಪಕ್ಷ ಡೀ ಲಿಂಕೆಗೆ ದಕ್ಕಿದ್ದು ಶೇ 2.7 ಮತ. ಸೆಪ್ಟೆಂಬರಿನಲ್ಲಿ ಇನ್ನೂ ಕೆಟ್ಟ ಸುದ್ದಿ ಬಂತು. ತನ್ನದೇ ಮುಖ್ಯಮಂತ್ರಿ ಇದ್ದ ಥುರಿಂಜಿಯಾ ರಾಜ್ಯದಲ್ಲಿ ಪಕ್ಷ ಶೇ 31ರಿಂದ ಶೇ 13ಕ್ಕೆ ಕುಸಿಯಿತು. ಬ್ರಾಂಡೆನ್‌ಬರ್ಗ್ ರಾಜ್ಯದಲ್ಲಿ ಶೇ 3ಕ್ಕೆ ಇಳಿದು ವಿಧಾನಸಭೆಯಿಂದಲೇ ಹೊರಬಿತ್ತು. ಈ ಪಕ್ಷದ ಕಥೆ ಮುಗಿಯಿತು ಎಂದು ಬರೆಯದ ವಿಶ್ಲೇಷಕರು ಆಗ ಕಡಿಮೆ.

ಐದೇ ತಿಂಗಳು ಕಳೆದು, 2025ರ ಫೆಬ್ರುವರಿ 23ರಂದು, ಸಂಸತ್ತಿನ ಕೆಳಮನೆಯಾದ ಬುಂಡೆಸ್ಟಾಗ್‌ಗೆ ಚುನಾವಣೆ ನಡೆದಾಗ ಅದೇ ಪಕ್ಷ ಶೇ 8.8 ಮತ ಮತ್ತು 64 ಸ್ಥಾನಗಳೊಂದಿಗೆ ಒಳಗೆ ಬಂತು. 18ರಿಂದ 24 ವರ್ಷದವರಲ್ಲಿ ಸುಮಾರು ಶೇ 25ರಷ್ಟು ಮಂದಿ ಲಿಂಕೆಗೆ ಮತ ಹಾಕಿದ್ದಾರೆ ಎಂದು ಮತಗಟ್ಟೆ ಸಮೀಕ್ಷೆ ಹೇಳಿತು. ಆ ವಯೋಮಾನದಲ್ಲಿ ಅದೇ ಮೊದಲನೆಯ ಪಕ್ಷ. ಎರಡನೆಯದು ಅದರ ನೇರ ವಿರೋಧಿ, ಬಲಪಂಥೀಯ ಎಎಫ್‌ಡಿ, ಶೇ 21. ಒಟ್ಟಾರೆ ಗೆದ್ದ ಸಂಪ್ರದಾಯವಾದಿ ಸಿಡಿಯು-ಸಿಎಸ್‌ಯು ಕೂಟಕ್ಕೆ ಈ ಮಕ್ಕಳಲ್ಲಿ ಸಿಕ್ಕಿದ್ದು ಶೇ 13 ಮಾತ್ರ.

ಇದಕ್ಕೆ ಮರುದಿನವೇ ಸಿದ್ಧವಾದ ವಿವರಣೆಯೊಂದು ದೇಶದೇಶಗಳನ್ನು ಸುತ್ತಿತು: ಟಿಕ್‌ಟಾಕ್. ಒಬ್ಬ ಚುರುಕು ನಾಯಕಿ, ಒಂದು ಬೆಂಕಿಯಂಥ ಭಾಷಣ, ಲಕ್ಷಗಟ್ಟಲೆ ವೀಕ್ಷಣೆ, ಮುಗಿಯಿತು. ಚುನಾವಣಾ ಸಲಹೆಗಾರರಿಗೆ ಈ ವಿವರಣೆ ಬಹಳ ಇಷ್ಟ, ಏಕೆಂದರೆ ಅದನ್ನು ಮಾರಬಹುದು. ಹತ್ತು ಹುಡುಗರನ್ನು ಕೂರಿಸಿ ದಿನಕ್ಕೆ ಇಪ್ಪತ್ತು ವಿಡಿಯೊ ಕತ್ತರಿಸಿ ಕೊಟ್ಟರೆ ಯುವಜನ ನಿಮ್ಮವರು ಎಂದು ಬಿಲ್ ಬರೆಯಬಹುದು. ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ತಿರುವಿ ನೋಡಿದ್ದು ಆ ವಿವರಣೆಯ ಮೇಲಿನ ಸಿಟ್ಟಿನಿಂದಲೇ. ಲಿಂಕೆಯ ಸಿದ್ಧಾಂತವನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಸಾಯುತ್ತಿದ್ದ ಒಂದು ಪಕ್ಷ ಎಳೆಯರ ಕಣ್ಣಿಗೆ ಬಿದ್ದದ್ದು ಹೇಗೆ ಎಂಬುದು ಯಾವ ಬಣ್ಣದ ಪಕ್ಷಕ್ಕಾದರೂ ನೋಡಬೇಕಾದ ಸಂಗತಿ. ನೋಡಿದರೆ ಭಾಷಣ ಬರುವುದು ಕಥೆಯ ಕೊನೆಯ ಅಂಕದಲ್ಲಿ.

ಮನೆ ಒಡೆದ ಮೇಲಿನ ನೆಮ್ಮದಿ

ಲಿಂಕೆ ಹುಟ್ಟಿದ್ದು 2007ರಲ್ಲಿ. ಹಳೆಯ ಪೂರ್ವ ಜರ್ಮನಿಯ ಆಳುವ ಪಕ್ಷದ ವಾರಸುದಾರರೂ ಪಶ್ಚಿಮದ ಅತೃಪ್ತ ಸಮಾಜವಾದಿಗಳೂ ಕೂಡಿ ಕಟ್ಟಿದ ಪಕ್ಷ. 2009ರಲ್ಲಿ ಅದು ಶೇ 11.9ರ ತನಕ ಏರಿತ್ತು. ಆ ಮೇಲೆ ಇಳಿಜಾರು. ಅದರ ಕಾಯಿಲೆಗೆ ಹೆಸರಿಡುವುದಾದರೆ ಒಳಜಗಳ. ಪಕ್ಷದ ಅತಿ ಪ್ರಸಿದ್ಧ ಮುಖವಾಗಿದ್ದ ಸಾರಾ ವಾಗನ್‌ಕ್ನೆಖ್ಟ್ ಟಿವಿ ಚರ್ಚೆಗಳಲ್ಲಿ ಕುಳಿತು ವಲಸೆಯ ಬಗ್ಗೆ, ಯುಕ್ರೇನ್ ಯುದ್ಧದ ಬಗ್ಗೆ ತಮ್ಮದೇ ಪಕ್ಷದ ನಿಲುವಿಗೆ ಎದುರು ಮಾತನಾಡುತ್ತಿದ್ದರು. ಕೇಳುವವನಿಗೆ ಪಕ್ಷ ಏನು ಹೇಳುತ್ತಿದೆ ಎಂಬುದೇ ಹತ್ತುತ್ತಿರಲಿಲ್ಲ. 20 ವರ್ಷದ ಮತದಾರನಿಗೆ ಪಕ್ಷದ ಹಳೆಯ ನೆನಪಿಲ್ಲ, ಹಳೆಯ ನಿಷ್ಠೆಯೂ ಇಲ್ಲ. ಅವನಿಗೆ ಕಾಣುವುದು ಇವತ್ತಿನ ಕಚ್ಚಾಟ ಮಾತ್ರ.

2023ರ ಅಕ್ಟೋಬರಿನಲ್ಲಿ ವಾಗನ್‌ಕ್ನೆಖ್ಟ್ ಒಂಬತ್ತು ಸಂಸದರನ್ನು ಕರೆದುಕೊಂಡು ಹೊರನಡೆದರು. ಸದನದಲ್ಲಿ ಪೂರ್ಣ ಪ್ರಮಾಣದ ಗುಂಪೆನಿಸಿಕೊಳ್ಳಲು ಬೇಕಾದ ಸಂಖ್ಯೆ ಲಿಂಕೆಗೆ ತಪ್ಪಿತು. ಡಿಸೆಂಬರ್ 6ರಂದು ಸಂಸದೀಯ ಪಕ್ಷ ವಿಸರ್ಜನೆಯಾಯಿತು, ಅದರ ನೂರಕ್ಕೂ ಹೆಚ್ಚು ನೌಕರರ ಕೆಲಸವೂ ಹೋಯಿತು. ಮೇಲ್ನೋಟಕ್ಕೆ ಇದು ಸರ್ವನಾಶ. ಒಳಗಿದ್ದವರು ಬೇರೆಯದೇ ಮಾತು ಹೇಳಿದರು: ಸಭೆಗಳಲ್ಲಿ ಮೊದಲ ಬಾರಿಗೆ ಉಸಿರಾಡುವಂತಾಯಿತು. ವಾಗನ್‌ಕ್ನೆಖ್ಟ್ ಹೋದ ಸುದ್ದಿ ಕೇಳಿಯೇ ಸದಸ್ಯತ್ವ ಪಡೆದ ಕಿರಿಯರೂ ಇದ್ದರು.

2024ರ ಅಕ್ಟೋಬರಿನಲ್ಲಿ ಹಾಲೆ ನಗರದ ಮಹಾಧಿವೇಶನ ಇಬ್ಬರು ಹೊಸ ಅಧ್ಯಕ್ಷರನ್ನು ಆರಿಸಿತು: ಪತ್ರಕರ್ತೆಯಾಗಿದ್ದ ಇನೆಸ್ ಶ್ವೆರ್ಟ್ನರ್ ಮತ್ತು ಹಿಂದೆ ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ತಪಾಸಕರಾಗಿದ್ದ ಯಾನ್ ಫಾನ್ ಆಕೆನ್. ಇಬ್ಬರೂ ಒಂದು ಮಾತು ಕೊಟ್ಟರು. ತಮ್ಮ ಸಂಬಳದಲ್ಲಿ ದೇಶದ ಸರಾಸರಿ ಕೂಲಿಯಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕಷ್ಟದಲ್ಲಿರುವವರಿಗೆ ಕೊಡುತ್ತೇವೆ, ಜನರ ಅಹವಾಲು ಕೇಳಲು ಕೂರುತ್ತೇವೆ. ಉಪಾಯ ಅವರದಲ್ಲ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಕಮ್ಯುನಿಸ್ಟರು ದಶಕಗಳಿಂದ ಹೀಗೆ ಮಾಡುತ್ತಾ ಬಂದು 2021ರಲ್ಲಿ ಮೇಯರ್ ಗಾದಿಯನ್ನೇ ಹಿಡಿದಿದ್ದರು. ಇದನ್ನು ತೋರಿಕೆಯ ತ್ಯಾಗ ಎಂದು ನಗಬಹುದು. ಆದರೆ ಭಾಷಣದಲ್ಲಿ ಹೇಳಿದ್ದಕ್ಕೂ ಬ್ಯಾಂಕ್ ಖಾತೆಗೂ ತಾಳೆಯಾಗುವುದು ರಾಜಕಾರಣದಲ್ಲಿ ಅಪರೂಪ, ಅಪರೂಪದ್ದನ್ನು ಎಳೆಯರು ಬೇಗ ಗುರುತಿಸುತ್ತಾರೆ.

ಬಾಗಿಲಿನ ಆಚೆ ಈಚೆ

ಎಲ್ಲಾ ಕಡೆ ಸೋಲುತ್ತಿದ್ದ ಆ 2024ರಲ್ಲಿಯೇ ಲೈಪ್‌ಜಿಗ್‌ನ ಒಂದು ಕ್ಷೇತ್ರದಲ್ಲಿ ವಿಚಿತ್ರ ನಡೆಯಿತು. ಸ್ಯಾಕ್ಸನಿ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯಾದ್ಯಂತ ಪಕ್ಷಕ್ಕೆ ಬಂದದ್ದು ಶೇ 4.5. ಆದರೆ ನಾಮ್ ದುಯ್ ನ್ಗುಯೆನ್ ಎಂಬ ಇಪ್ಪತ್ತೆಂಟರ ಆಸುಪಾಸಿನ ಅಭ್ಯರ್ಥಿ ತನ್ನ ಕ್ಷೇತ್ರದಲ್ಲಿ ಸುಮಾರು ಶೇ 40 ಮತ ಪಡೆದು ನೇರವಾಗಿ ಗೆದ್ದರು. ಪೂರ್ವ ಜರ್ಮನಿಗೆ ಗುತ್ತಿಗೆ ಕಾರ್ಮಿಕರಾಗಿ ಬಂದ ವಿಯೆಟ್ನಾಂ ದಂಪತಿಯ ಮಗ ಅವರು. ಅವರ ತಂಡ ತಿಂಗಳುಗಟ್ಟಲೆ ಹತ್ತಾರು ಸಾವಿರ ಬಾಗಿಲು ಬಡಿದಿತ್ತು. ಅವರದೂ ಸೇರಿ ಲೈಪ್‌ಜಿಗ್‌ನ ಎರಡು ನೇರ ಗೆಲುವುಗಳೇ ಶೇ 5ರ ಗಡಿ ಮುಟ್ಟದ ಪಕ್ಷವನ್ನು ಆ ವಿಧಾನಸಭೆಯಲ್ಲಿ ಉಳಿಸಿದವು.

ಮನೆಮನೆ ಪ್ರಚಾರದಲ್ಲಿ ಹೊಸತೇನಿದೆ ಎಂದು ಕೇಳಬಹುದು. ಹೊಸತು ಇದ್ದದ್ದು ಬಾಗಿಲು ತೆರೆದ ಮೇಲಿನ ಮೊದಲ ಮಾತಿನಲ್ಲಿ. ನಾವು ನೋಡಿದ ಪ್ರಚಾರವೆಂದರೆ ನಾಲ್ಕೈದು ಮಂದಿ ಬಂದು ಕರಪತ್ರ ಕೈಗಿತ್ತು, ಕೈ ಮುಗಿದು, ಮುಂದಿನ ಮನೆಗೆ ಜರುಗುವುದು. ಲಿಂಕೆಯವರು ಇಬ್ಬಿಬ್ಬರಾಗಿ ಹೋದರು ಮತ್ತು ಕೇಳಿದರು: ನಿಮಗೆ ಈಗ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತಿರುವುದು ಯಾವುದು, ಏನು ಬದಲಾಗಬೇಕು? ಉತ್ತರ ಬರೆದುಕೊಂಡರು. ಬೈಗುಳವನ್ನೂ ಕೇಳಿಸಿಕೊಂಡರು. ಬರೆದುಕೊಂಡದ್ದರಲ್ಲಿ ಮತ್ತೆ ಮತ್ತೆ ಬಂದದ್ದು ಎರಡು ಸಂಗತಿ, ಮನೆ ಬಾಡಿಗೆ ಮತ್ತು ಬೆಲೆಯೇರಿಕೆ. 2024ರ ನವೆಂಬರ್ 6ರಂದು ಚಾನ್ಸೆಲರ್ ಓಲಾಫ್ ಶೋಲ್ಟ್ಸ್ ತಮ್ಮ ಹಣಕಾಸು ಸಚಿವ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ವಜಾ ಮಾಡಿ ಮೂರು ಪಕ್ಷಗಳ ಸರ್ಕಾರ ಬಿದ್ದು, ಅವಧಿಗೆ ಮೊದಲೇ ಚುನಾವಣೆ ಎದುರಾದಾಗ ಬೇರೆ ಪಕ್ಷಗಳು ಪ್ರಣಾಳಿಕೆ ಬರೆಯಲು ಓಡಾಡಿದವು. ಲಿಂಕೆಯ ಕೈಯಲ್ಲಿ ಏನು ಹೇಳಬೇಕು ಎಂಬ ಪಟ್ಟಿ ಆಗಲೇ ಇತ್ತು. ಬಾಡಿಗೆಗೆ ಮಿತಿ, ದಿನಸಿಯ ಮೇಲಿನ ತೆರಿಗೆ ರದ್ದು, ಅತಿ ಶ್ರೀಮಂತರ ಸಂಪತ್ತಿನ ಮೇಲೆ ತೆರಿಗೆ. ಆ ಪಟ್ಟಿ ಬಿಟ್ಟು ಆಚೀಚೆ ಹೋಗಲು ಪಕ್ಷ ತನ್ನ ನಾಯಕರಿಗೆ ಬಿಡಲಿಲ್ಲ. ಯುದ್ಧದ ಬಗ್ಗೆ ಕೇಳಿದರೂ ಎರಡು ವಾಕ್ಯದಲ್ಲಿ ಉತ್ತರಿಸಿ ಬಾಡಿಗೆಗೆ ಮರಳಿದರು. ಕೇಳಿ ಕೇಳಿ ಬೇಸರವಾಗುವಷ್ಟು.

ಪಕ್ಷದ ಲೆಕ್ಕದಂತೆ ಚುನಾವಣೆಯ ಹೊತ್ತಿಗೆ ಬಡಿದ ಬಾಗಿಲುಗಳು 6 ಲಕ್ಷ ದಾಟಿದ್ದವು. ಜರ್ಮನಿಯಲ್ಲಿ ಮತದಾರರು 5.9 ಕೋಟಿ. ಎಂದರೆ ನೂರರಲ್ಲಿ ಒಂದೆರಡು ಮನೆ. ಮತಗಳ ಲೆಕ್ಕದಲ್ಲಿ ನೋಡಿದರೆ ಇದು ಸಮುದ್ರಕ್ಕೆ ಚೊಂಬು ನೀರು. ಇಲ್ಲಿಯೇ ಹೆಚ್ಚಿನವರು ಎಡವುವುದು: ಮೆಟ್ಟಿಲು ಹತ್ತಿದ್ದರ ಫಲವನ್ನು ಬಾಗಿಲಿನ ಒಳಗೆ ಹುಡುಕುತ್ತಾರೆ. ಅದು ಇದ್ದದ್ದು ಬಾಗಿಲಿನ ಹೊರಗೆ, ಬೆಲ್ ಒತ್ತಿ ನಿಂತವರಲ್ಲಿ.

ಆ ನಿಂತವರು ಯಾರು? ಬಹುಪಾಲು ಹೊಸ ಸದಸ್ಯರು, ಬಹುಪಾಲು ಎಳೆಯರು. ಪಕ್ಷ ಸೇರಿದ ಹುಡುಗಿಗೆ ಸಾಮಾನ್ಯವಾಗಿ ಏನಾಗುತ್ತದೆ ಎಂದು ನೆನೆಸಿಕೊಳ್ಳಿ. ಯುವ ಘಟಕದಲ್ಲಿ ಒಂದು ಪದವಿ, ಮೆರವಣಿಗೆಯಲ್ಲಿ ಹಿಡಿಯಲು ಒಂದು ಬಾವುಟ, ಸಭೆಯಲ್ಲಿ ಹಿರಿಯರ ಮೂರು ಗಂಟೆಯ ಮಾತು. ಮೂರನೆಯ ಸಭೆಗೆ ಅವಳು ಬರುವುದಿಲ್ಲ. ಲಿಂಕೆ ಕೊಟ್ಟದ್ದು ಸೇರಿದ ವಾರವೇ ಮಾಡಬಹುದಾದ ಕೆಲಸ. ಒಂದು ಸಂಜೆಯ ತರಬೇತಿ, ಜೊತೆಗೊಬ್ಬ ಅನುಭವಿ, ಒಂದು ಬೀದಿ, ಒಂದು ಪಟ್ಟಿ. ನಾಲ್ಕನೆಯ ಮಹಡಿಯ ತನಕ ಹತ್ತಿ ಮೂರು ಬಾಗಿಲು ಮುಖಕ್ಕೆ ಮುಚ್ಚಿಸಿಕೊಂಡು, ನಾಲ್ಕನೆಯದರಲ್ಲಿ ಒಬ್ಬ ಮುದುಕಿಯ ಬಿಸಿನೀರಿನ ಬಿಲ್ಲಿನ ಕಥೆ ಅರ್ಧ ಗಂಟೆ ಕೇಳಿ ಇಳಿದು ಬಂದ 22 ವರ್ಷದವನು ಮನೆಗೆ ಹೋಗಿ ಸುಮ್ಮನಿರುವುದಿಲ್ಲ. ತನ್ನ ಕೋಣೆಯಲ್ಲಿ ಹೇಳುತ್ತಾನೆ, ತರಗತಿಯಲ್ಲಿ ಹೇಳುತ್ತಾನೆ, ಮೊಬೈಲಿನಲ್ಲಿ ಹಾಕುತ್ತಾನೆ. ಅವನ ಗೆಳೆಯರು ಕೇಳುವುದು ಪಕ್ಷವನ್ನಲ್ಲ, ಅವನನ್ನು. ಯುವಕರಿಂದ ಮತ ಕೇಳುವ ಮೊದಲು ಅವರ ಸಮಯ ಕೇಳಿದ್ದು, ಆ ಸಮಯಕ್ಕೆ ಅರ್ಥವಿರುವಂತೆ ನೋಡಿಕೊಂಡದ್ದು: ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇಷ್ಟೇ. ಉಳಿದುದೆಲ್ಲಾ ಇದರ ಮೇಲೆ ನಿಂತಿದೆ.

ಬಾಡಿಗೆಯ ತಕ್ಕಡಿ

ಇನ್ನೊಂದು ಉಪಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜರ್ಮನಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಬಾಡಿಗೆ ಮನೆಯಲ್ಲಿರುತ್ತಾರೆ. ವಿದ್ಯಾರ್ಥಿಗಳ ಮಟ್ಟಿಗಂತೂ ದೊಡ್ಡ ನಗರದಲ್ಲಿ ಕೋಣೆ ಹುಡುಕುವುದೆಂದರೆ ಎರಡನೆಯ ಪದವಿ ಓದಿದಂತೆ. ಅಲ್ಲಿ ದೊಡ್ಡ ನಗರಗಳು ಯಾವ ಪ್ರದೇಶದಲ್ಲಿ, ಎಷ್ಟು ಹಳೆಯ ಕಟ್ಟಡದಲ್ಲಿ, ಚದರ ಮೀಟರಿಗೆ ಎಷ್ಟು ಬಾಡಿಗೆ ವಾಡಿಕೆಯಲ್ಲಿದೆ ಎಂಬ ಪಟ್ಟಿ ಇಡುವ ಪದ್ಧತಿಯಿದೆ. 1954ರ ಆರ್ಥಿಕ ಅಪರಾಧ ಕಾಯ್ದೆಯ ಐದನೆಯ ಕಲಮಿನ ಪ್ರಕಾರ, ಮನೆಗಳ ಕೊರತೆಯ ಲಾಭ ಪಡೆದು ವಾಡಿಕೆಗಿಂತ ಶೇ 20ಕ್ಕೂ ಹೆಚ್ಚು ಬಾಡಿಗೆ ಕಿತ್ತರೆ ಅದು ತಪ್ಪು. 50,000 ಯೂರೊ ತನಕ ದಂಡ ಹಾಕಬಹುದು. ಕಾನೂನು ಪುಸ್ತಕದಲ್ಲಿತ್ತು, ಬಳಸುವವರು ಕಡಿಮೆ.

2024ರ ಕೊನೆಯಲ್ಲಿ ಲಿಂಕೆ ಕೆಲವು ದೊಡ್ಡ ನಗರಗಳಿಗಾಗಿ ಅಂತರ್ಜಾಲದಲ್ಲಿ ಒಂದು ಲೆಕ್ಕದ ಪುಟ ತೆರೆಯಿತು. ವಿಳಾಸ, ಮನೆಯ ಅಳತೆ, ಕಟ್ಟಡದ ವಯಸ್ಸು, ಕೊಡುತ್ತಿರುವ ಬಾಡಿಗೆ ತುಂಬಬೇಕು. ಉದಾಹರಣೆಗೆ ಲೆಕ್ಕ ಹೀಗಿರುತ್ತದೆ: 40 ಚದರ ಮೀಟರಿನ ಮನೆ, ವಾಡಿಕೆ ಚದರ ಮೀಟರಿಗೆ 10 ಯೂರೊ. ನ್ಯಾಯವಾದ ಬಾಡಿಗೆ 400. ಶೇ 20 ಸೇರಿಸಿದರೆ ಗಡಿ 480. ನೀವು ಕೊಡುತ್ತಿರುವುದು 600. ಎಂದರೆ ಗಡಿಗಿಂತ ತಿಂಗಳಿಗೆ 120, ವರ್ಷಕ್ಕೆ 1,440 ಯೂರೊ ಹೆಚ್ಚು. ಲೆಕ್ಕದ ಕೆಳಗೇ ಒಂದು ಗುಂಡಿ. ಒತ್ತಿದರೆ ನಗರದ ವಸತಿ ಇಲಾಖೆಗೆ ದೂರು ಹೋಗುತ್ತದೆ.

ಇದರ ಚಂದ ಗಮನಿಸಿ. ಇಲ್ಲಿ ಭಾಷಣವಿಲ್ಲ, ಬಂಡವಾಳಶಾಹಿಯ ಬಗ್ಗೆ ಒಂದು ಪದವಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿ, ಎರಡು ನಿಮಿಷದಲ್ಲಿ, ನನ್ನಿಂದ ಎಷ್ಟು ಕಿತ್ತುಕೊಳ್ಳಲಾಗುತ್ತಿದೆ ಎಂಬ ಒಂದು ಅಂಕಿ. ಆ ಅಂಕಿಯ ಪಕ್ಕ ಒಂದು ಪಕ್ಷದ ಹೆಸರು. ಗೆದ್ದರೆ ಮಾಡುತ್ತೇವೆ ಎನ್ನುವ ಪಕ್ಷಕ್ಕೂ, ಶೇ 3ರಲ್ಲಿ ಇದ್ದುಕೊಂಡೇ ಏನೋ ಮಾಡಿಕೊಟ್ಟ ಪಕ್ಷಕ್ಕೂ ಇರುವ ಅಂತರವನ್ನು ಬಾಡಿಗೆ ಕಟ್ಟುವವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು: ಮಾಲೀಕ ಕೊರತೆಯ ಲಾಭ ಪಡೆದನೆಂದು ಸಾಬೀತುಪಡಿಸುವುದು ಜರ್ಮನಿಯ ನ್ಯಾಯಾಲಯಗಳಲ್ಲಿ ಸುಲಭವಲ್ಲ. ಗುಂಡಿ ಒತ್ತಿದವರೆಲ್ಲರ ಬಾಡಿಗೆ ಇಳಿಯುವುದಿಲ್ಲ. ಬಿಸಿನೀರು ಮತ್ತು ಕಾಯಿಸುವ ವ್ಯವಸ್ಥೆಯ ಬಿಲ್ ಸರಿಯಿದೆಯೇ ಎಂದು ನೋಡಿಕೊಡುವ ಇನ್ನೊಂದು ಸೇವೆಯನ್ನೂ ಪಕ್ಷ ನಡೆಸಿತು. ಅದರಲ್ಲಿ ಹಣ ಮರಳಿ ಬರುವ ಸಾಧ್ಯತೆ ಹೆಚ್ಚು.

ಬೆಳ್ಳಿಕೂದಲಿನ ಲೆಕ್ಕಾಚಾರ

ಯುವಜನರನ್ನು ಗೆಲ್ಲಬೇಕಾದ ಪಕ್ಷ ನವೆಂಬರಿನಲ್ಲಿ ಮಾಡಿದ ದೊಡ್ಡ ಘೋಷಣೆ ಯಾವುದು ಗೊತ್ತೇ? ಮೂವರು ಹಿರಿಯರನ್ನು ಕಣಕ್ಕಿಳಿಸಿದ್ದು. 76ರ ಗ್ರೆಗೋರ್ ಗೀಜಿ, ಥುರಿಂಜಿಯಾದ ಮುಖ್ಯಮಂತ್ರಿ ಸ್ಥಾನದಿಂದ ಇಳಿಯುತ್ತಿದ್ದ 68ರ ಬೋಡೋ ರಾಮೆಲೋ, 66ರ ಡೀಟ್ಮಾರ್ ಬಾರ್ಟ್ಶ್. ತಮ್ಮ ಯತ್ನಕ್ಕೆ ತಾವೇ ಬೆಳ್ಳಿಗುಂಗುರಿನ ಕಾರ್ಯಾಚರಣೆ ಎಂದು ತಮಾಷೆಯ ಹೆಸರಿಟ್ಟುಕೊಂಡರು.

ಇದು ತಮಾಷೆ ಮಾತ್ರವಲ್ಲ. ಜರ್ಮನಿಯಲ್ಲಿ ಮತದಾರನಿಗೆ ಎರಡು ಮತ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷದ ಮತ ಶೇ 5 ಮುಟ್ಟದಿದ್ದರೆ ಸಂಸತ್ತಿನ ಬಾಗಿಲು ಮುಚ್ಚುತ್ತದೆ. ಆದರೆ ಮೂರು ಕ್ಷೇತ್ರ ನೇರವಾಗಿ ಗೆದ್ದರೆ ಆ ಗಡಿಯಿಂದ ವಿನಾಯಿತಿ. 2021ರಲ್ಲಿ ಶೇ 4.9 ಪಡೆದ ಲಿಂಕೆ ಉಳಿದದ್ದು ಈ ವಿನಾಯಿತಿಯಿಂದಲೇ. 2023ರ ಕಾಯ್ದೆ ಅದನ್ನು ತೆಗೆದುಹಾಕಿತ್ತು, 2024ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಸದ್ಯಕ್ಕೆ ಉಳಿಸಿತು. ಶೇ 3ರಲ್ಲಿರುವ ಪಕ್ಷಕ್ಕೆ ಎಲ್ಲಕ್ಕಿಂತ ದೊಡ್ಡ ಶತ್ರು ಎದುರಾಳಿಯಲ್ಲ, ನನ್ನ ಮತ ಹಾಳಾಗುತ್ತದೆ ಎಂಬ ಭಯ. ಮೊದಲ ಬಾರಿ ಮತ ಹಾಕುವವನಿಗೆ ಆ ಭಯ ಇನ್ನೂ ಹೆಚ್ಚು. ಮೂವರು ಹಿರಿಯರು ಆ ಭಯಕ್ಕೆ ಕೊಟ್ಟ ಜಾಮೀನು. ಅದೂ ಅಲ್ಲದೆ, ತಾವು ಮುದುಕರೆಂದು ತಾವೇ ನಗುವ ಮುದುಕರು ಎಳೆಯರಿಗೆ ಇಷ್ಟವಾಗುತ್ತಾರೆ. ಜೀನ್ಸ್ ತೊಟ್ಟು ಹುಡುಗರ ಭಾಷೆ ಆಡಲು ಹೋಗುವ ಐವತ್ತರ ನಾಯಕರಿಗೆ ಇದು ಯಾವ ದೇಶದಲ್ಲೂ ಹೊಳೆಯುವುದಿಲ್ಲ.

ಜನವರಿ 29

ಇನ್ನು ಆ ಭಾಷಣ. ಹೈಡಿ ರೈಷಿನೆಕ್, 1988ರಲ್ಲಿ ಪೂರ್ವದ ಮೆರ್ಸೆಬರ್ಗ್‌ನಲ್ಲಿ ಹುಟ್ಟಿದವರು, ಮಕ್ಕಳು ಮತ್ತು ಯುವಜನರ ನಡುವೆ ಸಮಾಜಕಾರ್ಯ ಮಾಡಿ ಬಂದವರು. ಫಾನ್ ಆಕೆನ್ ಜೊತೆ ಈ ಚುನಾವಣೆಯ ಮುಂಚೂಣಿ ಅಭ್ಯರ್ಥಿ. ಮುಂಗೈಯಲ್ಲಿ ಎಡಪಂಥೀಯ ಕ್ರಾಂತಿಕಾರಿ ರೋಸಾ ಲಕ್ಸಂಬರ್ಗ್ ಹಚ್ಚೆ. ಮಾತು ಎಷ್ಟು ವೇಗವೆಂದರೆ ಜರ್ಮನ್ ಬಲ್ಲವರೂ ಎರಡು ಸಲ ಕೇಳಬೇಕು. ಟಿಕ್‌ಟಾಕ್‌ನಲ್ಲಿ ಅವರು ಇದ್ದಕ್ಕಿದ್ದಂತೆ ಹುಟ್ಟಿಕೊಂಡವರಲ್ಲ. ಎಎಫ್‌ಡಿ ಆ ವೇದಿಕೆಯನ್ನು ಬಹುತೇಕ ಒಬ್ಬಂಟಿಯಾಗಿ ಆಳುತ್ತಿದ್ದ ಕಾಲದಲ್ಲೇ, ಸಂಸತ್ತಿನ ಕಲಾಪವನ್ನು ಸಾಮಾನ್ಯ ಮಾತಿನಲ್ಲಿ ಬಿಡಿಸಿ ಹೇಳುವ ವಿಡಿಯೊಗಳನ್ನು ಹಾಕುತ್ತಾ ಬಂದಿದ್ದರು.

2025ರ ಜನವರಿ 22ರಂದು ಆಶಾಫೆನ್‌ಬರ್ಗ್ ನಗರದಲ್ಲಿ ವಲಸಿಗನೊಬ್ಬ ಮಗುವೊಂದೂ ಸೇರಿ ಇಬ್ಬರನ್ನು ಇರಿದು ಕೊಂದ ಘಟನೆ ದೇಶವನ್ನು ಕದಡಿತ್ತು. ಸಿಡಿಯು ನಾಯಕ ಫ್ರೀಡ್ರಿಖ್ ಮೆರ್ಟ್ಸ್ ವಲಸೆಗೆ ಕಡಿವಾಣ ಹಾಕುವ ನಿರ್ಣಯವನ್ನು ಜನವರಿ 29ರಂದು ಸದನಕ್ಕೆ ತಂದರು. ಅದು 348–344ರಲ್ಲಿ ಅಂಗೀಕಾರವಾಯಿತು, ಎಎಫ್‌ಡಿಯ ಮತಗಳ ಬಲದಿಂದ. ಎಎಫ್‌ಡಿಯ ಜೊತೆ ಯಾವ ಪಕ್ಷವೂ ಕೈಜೋಡಿಸಬಾರದೆಂದು ಅಲ್ಲಿ ಒಂದು ಅಲಿಖಿತ ಕಟ್ಟಳೆಯಿತ್ತು. ಅದು ಮುರಿದದ್ದು ಸದನ ಯಹೂದಿ ನರಮೇಧದ ಬಲಿಗಳನ್ನು ಸ್ಮರಿಸಿದ ದಿನವೇ. ರೈಷಿನೆಕ್ ಎದ್ದುನಿಂತು ಮೆರ್ಟ್ಸ್ ಅವರತ್ತ ತಿರುಗಿ, ಗಂಟಲು ಬಿಗಿದು, ಸಿಟ್ಟನ್ನು ಮುಚ್ಚಿಡದೆ ಮಾತನಾಡಿದರು. ಕೊನೆಗೆ ಜನರಿಗೆ ಬಿಟ್ಟುಕೊಡಬೇಡಿ ಎಂದರು, ಬ್ಯಾರಿಕೇಡ್ ಏರಲು ಕರೆ ಕೊಟ್ಟರು. ಆ ತುಣುಕು ಕೆಲವೇ ದಿನಗಳಲ್ಲಿ ಹತ್ತಾರು ಲಕ್ಷ ಸಲ ನೋಡಲ್ಪಟ್ಟಿತು. ಮುಂದಿನ ವಾರಗಳಲ್ಲಿ ಪಕ್ಷಕ್ಕೆ ದಿನವೂ ಸಾವಿರಗಟ್ಟಲೆ ಅರ್ಜಿ ಬಂದವು.

ಭಾಷಣ ಚೆನ್ನಾಗಿತ್ತು, ನಿಜ. ಆದರೆ ಮೆರ್ಟ್ಸ್ ವಿರುದ್ಧ ಅಂದು ಸಿಟ್ಟಿನಿಂದ ಮಾತನಾಡಿದವರು ಒಬ್ಬರೇ ಅಲ್ಲ. ಸಮಾಜವಾದಿ ಎಸ್‌ಪಿಡಿಯವರೂ ಗ್ರೀನ್ಸ್ ಪಕ್ಷದವರೂ ಮಾತನಾಡಿದರು. ಅವರ ಕಷ್ಟ ಏನೆಂದರೆ ಚುನಾವಣೆಯ ಮರುದಿನ ಅದೇ ಮೆರ್ಟ್ಸ್ ಜೊತೆ ಸರ್ಕಾರ ಮಾಡುವ ಸಾಧ್ಯತೆಯನ್ನು ಅವರು ಮುಚ್ಚಿರಲಿಲ್ಲ. ನೋಡುವ ಹುಡುಗಿಗೆ ಆ ಸಿಟ್ಟಿನ ಹಿಂದೆ ಲೆಕ್ಕವಿದೆ ಎಂದು ಅನಿಸಿತು. ಗ್ರೀನ್ಸ್ ಒಂದರಿಂದಲೇ ಅಂದಾಜು 7 ಲಕ್ಷ ಮತದಾರರು ಲಿಂಕೆಗೆ ದಾಟಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಮತ್ತೊಂದು ಸಂಗತಿಯನ್ನು ಕಾಲಕ್ರಮದಲ್ಲೇ ಇಟ್ಟು ನೋಡಬೇಕು. ಪಕ್ಷದ ಸದಸ್ಯತ್ವ 60,000 ಮುಟ್ಟಿದ್ದು ಭಾಷಣಕ್ಕೆ ಮೊದಲೇ, ಜನವರಿಯ ಮಧ್ಯದಲ್ಲಿ. ಭಾಷಣ ಅದನ್ನು ಮಾರ್ಚ್ ವೇಳೆಗೆ 1 ಲಕ್ಷ ದಾಟಿಸಿತು. ಇಂಥ ನೆರೆ ಬಂದಾಗ ಹೆಚ್ಚಿನ ಪಕ್ಷಗಳು ಸ್ವಾಗತದ ಒಂದು ಸಂದೇಶ ಕಳಿಸಿ ಕೈ ತೊಳೆದುಕೊಳ್ಳುತ್ತವೆ. ಇಲ್ಲಿ ಅರ್ಜಿ ಹಾಕಿದವನಿಗೆ ಮುಂದಿನ ಶನಿವಾರ ಯಾವ ಬೀದಿಗೆ ಹೋಗಬೇಕು ಎಂಬ ಉತ್ತರ ಸಿದ್ಧವಿತ್ತು. ವಿಡಿಯೊ ಕರೆತಂದವರನ್ನು ಮೆಟ್ಟಿಲು ಹಿಡಿದಿಟ್ಟುಕೊಂಡಿತು. ಆರು ತಿಂಗಳ ಹಿಂದೆ ಅದೇ ಭಾಷಣ ಆಗಿದ್ದರೆ ಕೆಲವು ಲಕ್ಷ ಹೃದಯದ ಚಿಹ್ನೆಗಳಲ್ಲಿ ಮುಗಿದುಹೋಗುತ್ತಿತ್ತು ಎಂದು ನನ್ನ ಅನಿಸಿಕೆ.

ಫಲಿತಾಂಶದ ರಾತ್ರಿ ಲಿಂಕೆ ಆರು ಕ್ಷೇತ್ರ ನೇರವಾಗಿ ಗೆದ್ದಿತ್ತು. ಗೀಜಿ, ರಾಮೆಲೋ ಗೆದ್ದರು. ಬಾರ್ಟ್ಶ್ ಕ್ಷೇತ್ರದಲ್ಲಿ ಸೋತು ಪಕ್ಷದ ಪಟ್ಟಿಯಿಂದ ಒಳಬಂದರು. ಬರ್ಲಿನ್‌ನ ನಾಯ್ಕೋಲ್ನ್‌ನಲ್ಲಿ ಫೆರಾತ್ ಕೋಚಾಕ್ ಗೆದ್ದದ್ದು ಹಳೆಯ ಪಶ್ಚಿಮ ಭಾಗದಲ್ಲಿ ಪಕ್ಷದ ಮೊದಲ ನೇರ ಗೆಲುವು. ಅದು ಬಾಗಿಲು ಬಡಿದು ಬಡಿದು ಗೆದ್ದ ಕ್ಷೇತ್ರ. ವಾಗನ್‌ಕ್ನೆಖ್ಟ್ ಅವರ ಹೊಸ ಪಕ್ಷ ಸುಮಾರು 9,500 ಮತಗಳ ಕೊರತೆಯಿಂದ ಶೇ 5ರ ಗಡಿಯ ಹೊರಗೇ ಉಳಿಯಿತು.

ಬಾರದವರು, ನಿಲ್ಲದವರು

ಗೆಲುವಿನ ಅಂಕಿಯನ್ನು ಬಿಡಿಸಿದರೆ ಒಳಗೆ ಬಿರುಕು ಕಾಣುತ್ತದೆ. 18ರಿಂದ 24ರ ಹೆಣ್ಣುಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಲಿಂಕೆಗೆ ಬಂದರೆ, ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಮೊದಲ ಸ್ಥಾನ ಎಎಫ್‌ಡಿಯದು, ಸುಮಾರು ನಾಲ್ಕರಲ್ಲೊಂದು ಭಾಗ. ಯುವಜನ ಎಂದು ನಾವು ಒಂದೇ ಮುದ್ದೆಯಾಗಿ ಕರೆಯುವ ಗುಂಪು ಒಂದೇ ಬಾಡಿಗೆಯ ಸಂಕಟದಿಂದ ಹೊರಟು ಎದುರುಬದುರು ದಿಕ್ಕಿಗೆ ನಡೆಯಿತು. ಲಿಂಕೆಯ ಕಾರ್ಯಕರ್ತರು ಹತ್ತಿದ ಮೆಟ್ಟಿಲುಗಳು ಹೆಚ್ಚಾಗಿ ದೊಡ್ಡ ನಗರಗಳ, ವಿಶ್ವವಿದ್ಯಾಲಯದ ಊರುಗಳ ಮೆಟ್ಟಿಲುಗಳು. ಪೂರ್ವದ ಸಣ್ಣ ಪಟ್ಟಣದಲ್ಲಿ ಕಾರ್ಖಾನೆಯ ತರಬೇತಿಗೆ ಸೇರಿದ ಹುಡುಗನ ಬಾಗಿಲಿಗೆ ಅವರು ಬಹುಮಟ್ಟಿಗೆ ಹೋಗಲಿಲ್ಲ. ಹೋದವರು ಬೇರೆಯವರು. ಈ ಪ್ರಕರಣವನ್ನು ಮಾದರಿಯೆಂದು ಹೊಗಳುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಇದು ಅಡಿಟಿಪ್ಪಣಿಯಾಗಿ ಕಾಣುವುದಿಲ್ಲ.

ಇನ್ನೊಂದು ಎಚ್ಚರಿಕೆಯ ಕಥೆ ಅದರ ಹಿಂದಿನ ಚುನಾವಣೆಯದು. 2021ರಲ್ಲಿ ಇದೇ ವಯಸ್ಸಿನವರಲ್ಲಿ ಮುಂದಿದ್ದದ್ದು ಗ್ರೀನ್ಸ್ ಮತ್ತು ಉದಾರವಾದಿ ಎಫ್‌ಡಿಪಿ, ತಲಾ ಸುಮಾರು ಐದರಲ್ಲೊಂದು ಭಾಗ ಅಥವಾ ತುಸು ಹೆಚ್ಚು. ಆಗಲೂ ಎಳೆಯರನ್ನು ಗೆಲ್ಲುವ ಗುಟ್ಟು ಸಿಕ್ಕಿತೆಂದು ಲೇಖನಗಳು ಬಂದಿದ್ದವು. ಎರಡೂ ಸರ್ಕಾರ ಸೇರಿದವು. 2025ರಲ್ಲಿ ಗ್ರೀನ್ಸ್‌ಗೆ ಈ ವಯಸ್ಸಿನವರಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಎಫ್‌ಡಿಪಿ ಒಟ್ಟಾರೆ ಶೇ 4.3ಕ್ಕೆ ಇಳಿದು ಸಂಸತ್ತಿನಿಂದಲೇ ಹೋಯಿತು. ಹಳೆಯ ಮತದಾರ ಸಿಟ್ಟಾದರೂ ಒಂದೆರಡು ಸಲ ಕ್ಷಮಿಸುತ್ತಾನೆ, ಅವನಿಗೆ ಪಕ್ಷದೊಂದಿಗೆ ಮೂವತ್ತು ವರ್ಷದ ಋಣವಿರುತ್ತದೆ. 20ರವನಿಗೆ ಅಂಥ ಹಂಗಿಲ್ಲ. ಅವನು ಕೊಟ್ಟದ್ದು ಕೈಗಡ.

ಸಂಖ್ಯಾಬಲದ ಮಿತಿಯೂ ಇದೆ. ಜರ್ಮನಿಯ ಮತದಾರರಲ್ಲಿ 30ರ ಕೆಳಗಿನವರು ಸುಮಾರು ಶೇ 13, 60 ದಾಟಿದವರು ಶೇ 42ರಷ್ಟು. ಎಳೆಯರೆಲ್ಲಾ ಒಂದೇ ಕಡೆ ಬಂದರೂ ಅಧಿಕಾರ ಸಿಗದ ದೇಶ ಅದು. ಅಲ್ಲಿ ಯುವ ಮತದಾರರನ್ನು ಗೆದ್ದ ಪಕ್ಷಕ್ಕೆ ಸಿಕ್ಕುವುದು ಜೀವ, ಸರ್ಕಾರವಲ್ಲ. 630 ಸದಸ್ಯರ ಸದನದಲ್ಲಿ 64 ಮಂದಿ ವಿರೋಧ ಪಕ್ಷದ ಬೆಂಚಿನಲ್ಲಿ ಕುಳಿತು ಬಾಡಿಗೆಗೆ ಮಿತಿ ಹಾಕಿಸಲಾರರು. ರಾಜ್ಯಗಳ ಮಟ್ಟದಲ್ಲಿ ಆ ದಾರಿಯೂ ಮುಚ್ಚಿದೆ. ಬರ್ಲಿನ್ ಸರ್ಕಾರ 2020ರಲ್ಲಿ ತಂದ ಬಾಡಿಗೆ ಮಿತಿಯನ್ನು, ಅದು ಒಕ್ಕೂಟ ಸರ್ಕಾರದ ವ್ಯಾಪ್ತಿಯ ವಿಷಯವೆಂದು, ಸಂವಿಧಾನ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ ರದ್ದು ಮಾಡಿತ್ತು. ಹಾಗಾಗಿ ಪಕ್ಷದ ದೊಡ್ಡ ಮಾತು ಸದ್ಯ ನೇತಾಡುತ್ತಲೇ ಇದೆ. ಲೆಕ್ಕದ ಪುಟ, ಬಿಲ್ ನೋಡಿಕೊಡುವ ಸೇವೆ, ಸಂಬಳದ ಮಿತಿ, ಇಷ್ಟನ್ನು ಮಾತ್ರ ಅದು ತನ್ನ ಕೈಯಿಂದ ಮಾಡಬಲ್ಲದು.

ಮುಂದಿನ ಚುನಾವಣೆ ಅವಧಿಗೆ ಸರಿಯಾಗಿ ಬಂದರೆ 2029ರಲ್ಲಿ. ಆಗ ಅದೇ ನಾಲ್ಕನೆಯ ಮಹಡಿಗೆ ಹತ್ತಿ ಬೆಲ್ ಒತ್ತುವ ಹುಡುಗಿಗೆ ಪಕ್ಷ ಕಲಿಸಿಕೊಟ್ಟ ಮೊದಲ ಪ್ರಶ್ನೆ ಕೇಳಲು ಪುರುಸೊತ್ತು ಸಿಗುವುದು ಅನುಮಾನ. ಬಾಗಿಲು ತೆರೆದವರೇ ಮೊದಲು ಕೇಳುತ್ತಾರೆ: ಹೋದ ಸಲ ಬರೆದುಕೊಂಡು ಹೋದಿರಲ್ಲ, ಅದು ಏನಾಯಿತು?